ಪರದೇಶದ ಆಕಾಶ ಏರುವ ಮೊದಲು: ನಮ್ಮ ಕಡೆಯ ಗ್ಲೈಡರ್ ಪೈಲಟ್‌ಗಳಿಗೆ ಒಂದು ಬಹಿರಂಗ ಪತ್ರ

ವೈದ್ಯನಾಥಪುರ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ

ಮದ್ದೂರು, ಮಳವಳ್ಳಿ, ಮಂಡ್ಯದ ಕಡೆಯಿಂದ ಹೊರದೇಶಕ್ಕೆ ಹೋಗಿ, ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬಂತೆಂದರೆ ಗ್ಲೈಡರ್ ಕ್ಲಬ್ಬಿನ ಹುಲ್ಲುಬಯಲಿಗೆ ಓಡುವ ಹುಡುಗ ಹುಡುಗಿಯರೇ,

ನೀವು ಅಪ್ಪ ಅಮ್ಮನಿಗೆ ಕಳಿಸುವ ಫೋಟೋಗಳು ನನ್ನವರೆಗೂ ಬರುತ್ತವೆ. ವಿಮಾನ ಸಂಚಾರ ನಿಯಂತ್ರಣದ ಕೋಣೆಯಲ್ಲಿ ಬಹಳ ಕಾಲ ಕೆಲಸ ಮಾಡಿ ನಿವೃತ್ತನಾಗಿ ಊರು ಸೇರಿದವನು ನಾನು. ಹಾಗಾಗಿ ಆಕಾಶಕ್ಕೆ ಸಂಬಂಧಪಟ್ಟ ಅನುಮಾನಗಳೆಲ್ಲ ನನ್ನ ಮನೆ ಜಗಲಿಗೇ ಬಂದು ಕೂರುತ್ತವೆ. “ಇಂಜಿನ್ನೇ ಇಲ್ವಂತಲ್ಲ, ಬಿದ್ದೋಗಲ್ವಾ ಸಾರ್?” ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಬೀಳುವುದಿಲ್ಲ ಕಣವ್ವ, ಅದು ನಿಧಾನವಾಗಿ ಜಾರುತ್ತದೆ ಎಂದು ಹೇಳುತ್ತೇನೆ. ಒಂದು ಕಿಲೋಮೀಟರ್ ಎತ್ತರದಲ್ಲಿದ್ದರೆ, ಗಾಳಿ ಸುಮ್ಮನಿದ್ದ ದಿನ, ಈಗಿನ ಒಳ್ಳೆಯ ಗ್ಲೈಡರ್ 40 ಕಿಲೋಮೀಟರ್ ಜಾರಬಲ್ಲದು. ಮದ್ದೂರಿನ ಮೇಲಿಂದ ಹೊರಟರೆ ಮಂಡ್ಯ ಮುಟ್ಟಿ ವಾಪಸ್ಸು ಬರುವಷ್ಟು ದೂರ. ನಡುವೆ ಬಿಸಿಗಾಳಿಯ ಕಂಬ ಸಿಕ್ಕರೆ ಮತ್ತೆ ಮೇಲೇರಬಹುದು, ಮತ್ತೆ ಜಾರಬಹುದು. ಇಷ್ಟು ಕೇಳಿದ ಮೇಲೆ ಅವರು ಸಮಾಧಾನವಾಗಿ ಎದ್ದು ಹೋಗುತ್ತಾರೆ.

ಸಮಾಧಾನ ಇಲ್ಲದಿರುವುದು ನನಗೆ. ನೀವು ಬೀಳುತ್ತೀರಿ ಎಂಬ ಭಯವಲ್ಲ, ಎಲ್ಲಿಗೆ ಹೋಗಿಬಿಡುತ್ತೀರೋ ಎಂಬ ಯೋಚನೆ. ಇಂಜಿನ್ ಇರುವ ವಿಮಾನದವನು ನಕ್ಷೆಯ ಮೇಲೆ ಗೆರೆ ಎಳೆದು ಅದರ ಮೇಲೇ ಹೋಗುತ್ತಾನೆ. ಗ್ಲೈಡರ್‌ನವನಿಗೆ ಆ ಭಾಗ್ಯವಿಲ್ಲ. ಗಾಳಿ ಎಲ್ಲಿ ಎತ್ತುತ್ತದೋ ಅಲ್ಲಿಗೆ ಹೋಗಬೇಕು. ಎದುರಿಗೆ ಚೆಂದದ ಮೋಡವೊಂದು ಕಟ್ಟುತ್ತಿರುತ್ತದೆ, ಅದರಡಿಗೆ ಹೋದರೆ ಸಾವಿರ ಅಡಿ ಸಿಗುವುದು ಖಾತ್ರಿ, ಆದರೆ ಆ ಮೋಡ ಯಾವುದೋ ವಿಮಾನ ನಿಲ್ದಾಣದ ನಿಯಂತ್ರಿತ ವಲಯದ ಒಳಗಿರುತ್ತದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತಾ ಸುತ್ತುತ್ತಾ ಮೇಲೇರುವುದನ್ನು ನೀವೆಲ್ಲ ಚಿಕ್ಕಂದಿನಲ್ಲಿ ನೋಡಿದ್ದೀರಿ. ನೀವೀಗ ಮಾಡುತ್ತಿರುವುದೂ ಅದನ್ನೇ. ಹೆಜ್ಜಾರ್ಲೆಯನ್ನು ಮಾತ್ರ ಯಾರೂ ರೇಡಿಯೋದಲ್ಲಿ ಕರೆದು ‘ಯಾರು ನೀನು, ಎಷ್ಟು ಎತ್ತರದಲ್ಲಿದ್ದೀಯ’ ಎಂದು ಕೇಳುವುದಿಲ್ಲ.

ಆಕಾಶಕ್ಕೆ ಯಜಮಾನರಿದ್ದಾರೆ ಎನ್ನುವುದು ಹಳೆಯ ಸಂಗತಿಯೇನಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಪ್ಯಾರಿಸ್ ಒಪ್ಪಂದದಲ್ಲಿ, ತನ್ನ ನೆಲದ ಮೇಲಿನ ಆಕಾಶ ಆಯಾ ದೇಶದ್ದೇ ಎಂದು ಬರೆದುಕೊಂಡರು. 1944ರ ಡಿಸೆಂಬರ್ 7ರಂದು ಶಿಕಾಗೋದಲ್ಲಿ ಸಹಿಯಾದ ಒಡಂಬಡಿಕೆಯ ಮೊದಲ ವಿಧಿಯೂ ಇದನ್ನೇ ಹೇಳುತ್ತದೆ. ಅದರಿಂದ ಹುಟ್ಟಿದ್ದೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ. ಒಂದು ತಮಾಷೆ ನೋಡಿ. ಅದೇ ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ಇಂಜಿನ್ ವಿಮಾನ ಕಟ್ಟದಂತೆ ಕೈಕಟ್ಟಿ ಹಾಕಿತು. ಅಲ್ಲಿನ ಹುಡುಗರು ಇಂಜಿನ್ ಬೇಡವೆಂದು ವಾಸರ್‌ಕುಪ್ಪೆ ಗುಡ್ಡದ ಮೇಲೆ 1920ರಲ್ಲಿ ಗ್ಲೈಡರ್ ಸ್ಪರ್ಧೆ ಶುರುಮಾಡಿದರು. ಇವತ್ತು ನೀವು ಕಲಿಯುತ್ತಿರುವ ವಿದ್ಯೆ ಬೆಳೆದದ್ದೇ ಒಂದು ನಿರ್ಬಂಧದ ಸಂದಿಯಲ್ಲಿ.

ಐಸಿಎಒ ಆಕಾಶವನ್ನು ಎ ಇಂದ ಜಿ ವರೆಗೆ ಏಳು ವರ್ಗ ಮಾಡಿದೆ. ಎ ವರ್ಗದಲ್ಲಿ ಉಪಕರಣ ನೋಡಿಕೊಂಡು ಹಾರುವವರಿಗೆ ಮಾತ್ರ ಜಾಗ, ಕಣ್ಣಳತೆಯಲ್ಲಿ ಹಾರುವ ನಿಮಗಿಲ್ಲ. ಸಿ ಮತ್ತು ಡಿ ವರ್ಗಕ್ಕೆ ಕಂಟ್ರೋಲ್‌ನವರ ಅನುಮತಿ ಪಡೆದು ಹೋಗಬೇಕು. ಇ ಮತ್ತು ಜಿ ವರ್ಗದಲ್ಲಿ ಕೇಳದೆ ಹಾರಬಹುದು. ಇದನ್ನು ನಿಮ್ಮ ಮೇಷ್ಟ್ರು ಮೊದಲ ವಾರವೇ ಹೇಳಿರುತ್ತಾರೆ, ನೀವು ಬಾಯಿಪಾಠ ಒಪ್ಪಿಸಿರುತ್ತೀರಿ. ಅಕ್ಷರಗಳು ಎಲ್ಲ ದೇಶಗಳಿಗೂ ಒಂದೇ. ಆದರೆ ಯಾವ ಅಕ್ಷರ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಎನ್ನುವುದನ್ನು ಪ್ರತಿ ದೇಶವೂ ತನ್ನಿಷ್ಟದಂತೆ ಇಟ್ಟುಕೊಂಡಿದೆ. ನಾನು ಈ ಪತ್ರ ಬರೆಯುತ್ತಿರುವುದು ಇದಕ್ಕಾಗಿಯೇ. ಹೊರದೇಶದಲ್ಲಿ ಎಡವುವವನು ಏನೂ ಕಲಿಯದವನಲ್ಲ. ಅವನಿಗೆ ಭಯವಿರುತ್ತದೆ, ಕೇಳಿಕೊಂಡು ಹೋಗುತ್ತಾನೆ. ಎಡವುವವನು ಒಂದು ದೇಶದಲ್ಲಿ ಚೆನ್ನಾಗಿ ಕಲಿತು, ಕಲಿತದ್ದು ಮೈಗೆ ಹತ್ತಿ, ಆ ಮೈಯನ್ನೇ ಹೊತ್ತು ಇನ್ನೊಂದು ದೇಶಕ್ಕೆ ಹೋದವನು.

ಅಮೆರಿಕದಲ್ಲಿ ಕಲಿತವರನ್ನೇ ತೆಗೆದುಕೊಳ್ಳಿ. ಅಲ್ಲಿ ಎ ವರ್ಗ ಶುರುವಾಗುವುದು ಸಮುದ್ರ ಮಟ್ಟದಿಂದ 18,000 ಅಡಿಗೆ. ನೆವಾಡದ ಮರುಭೂಮಿಯ ಮೇಲೆ, ದೊಡ್ಡ ವಿಮಾನ ನಿಲ್ದಾಣಗಳಿಂದ ದೂರದಲ್ಲಿ, ಅಷ್ಟು ಎತ್ತರದವರೆಗೂ ಯಾರನ್ನೂ ಕೇಳದೆ ಏರಬಹುದು. ಎರಡು ಮೂರು ವರ್ಷ ಹಾಗೆ ಹಾರಿದವರಿಗೆ 18,000 ಎನ್ನುವುದು ಸೂರಿನ ಹಾಗೆ ತಲೆಯಲ್ಲಿ ಕೂತುಬಿಡುತ್ತದೆ. ಅವರಿಗೆ ಕಂಪನಿಯವರು ಮ್ಯೂನಿಕ್‌ಗೋ ಸ್ಟುಟ್‌ಗಾರ್ಟ್‌ಗೋ ವರ್ಗ ಮಾಡಿದರೆನ್ನಿ. ಜರ್ಮನಿಯಲ್ಲಿ ಫ್ಲೈಟ್ ಲೆವೆಲ್ 100ಕ್ಕೇ ಸಿ ವರ್ಗ ಶುರುವಾಗುತ್ತದೆ, ಅಂದರೆ ಹೆಚ್ಚುಕಡಿಮೆ 10,000 ಅಡಿಗೆ. ಆಲ್ಪ್ಸ್ ಪರ್ವತದ ಮೇಲೆ ಮಾತ್ರ ಅದು ಫ್ಲೈಟ್ ಲೆವೆಲ್ 130. ಗಡಿ ದಾಟಿ ಫ್ರಾನ್ಸಿಗೆ ಹೋದರೆ ಲೆಕ್ಕ ಮತ್ತೆ ಬದಲು: ಅಲ್ಲಿ ಸಾಮಾನ್ಯವಾಗಿ ಫ್ಲೈಟ್ ಲೆವೆಲ್ 115ರ ಮೇಲೆ ಡಿ ವರ್ಗ, 195ರ ಮೇಲೆ ಸಿ ವರ್ಗ. ನೆಲದ ಮೇಲೆ ಗಡಿಯ ಫಲಕವಾದರೂ ಕಾಣುತ್ತದೆ. ಮೇಲೆ ಅದೇ ನೀಲಿ.

ಇದರೊಳಗೆ ಇನ್ನೊಂದು ತೊಡಕಿದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಬುದ್ಧಿವಂತರು ಬಿದ್ದಿರುವುದು ಇದೇ ಗುಂಡಿಗೆ. ಫ್ಲೈಟ್ ಲೆವೆಲ್ ಅಂದರೆ ಅಡಿಯ ಇನ್ನೊಂದು ಹೆಸರಲ್ಲ. ಆಲ್ಟಿಮೀಟರ್ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಅದರ ಕಿಂಡಿಯಲ್ಲಿ ಆ ದಿನದ ಸ್ಥಳೀಯ ಒತ್ತಡವನ್ನು, ಅಂದರೆ ಕ್ಯೂಎನ್‌ಎಚ್ ಅನ್ನು, ತಿರುಗಿಸಿಟ್ಟರೆ ಮುಳ್ಳು ಸಮುದ್ರ ಮಟ್ಟದಿಂದ ಎತ್ತರ ತೋರಿಸುತ್ತದೆ. ಫ್ಲೈಟ್ ಲೆವೆಲ್ ಲೆಕ್ಕಕ್ಕೆ ಬರುವುದು ಮಾತ್ರ ಕಿಂಡಿಯಲ್ಲಿ 1013.25 ಹೆಕ್ಟೋಪ್ಯಾಸ್ಕಲ್ ಇಟ್ಟಾಗ. ಮಳೆಯ ಮೋಡ ಕವಿಯುವಂಥ ಕಡಿಮೆ ಒತ್ತಡದ ದಿನ, ಕ್ಯೂಎನ್‌ಎಚ್ 1003 ಇದೆ ಎಂದುಕೊಳ್ಳಿ. ವ್ಯತ್ಯಾಸ ಹತ್ತು. ಒಂದು ಹೆಕ್ಟೋಪ್ಯಾಸ್ಕಲ್‌ಗೆ ಸುಮಾರು 28 ಅಡಿಯಂತೆ, ಫ್ಲೈಟ್ ಲೆವೆಲ್ 100 ಆ ದಿನ ಸುಮಾರು 9,700 ಅಡಿಗೇ ಇಳಿದು ಕೂತಿರುತ್ತದೆ. ನಿಮ್ಮ ಮುಳ್ಳು 9,900 ತೋರಿಸುತ್ತಿರುತ್ತದೆ. ‘ಇನ್ನೂ ನೂರಡಿ ಬಾಕಿ ಇದೆಯಲ್ಲ’ ಎಂದು ನೀವು ಸುತ್ತುತ್ತಿರುತ್ತೀರಿ. ರಾಡಾರ್ ಮುಂದೆ ಕೂತವನ ಪ್ರಕಾರ ನೀವು ಆಗಲೇ ಅವನ ಮನೆಯೊಳಗಿದ್ದೀರಿ, ಅದೂ ಬಾಗಿಲು ಬಡಿಯದೆ.

ಅಮೆರಿಕದಲ್ಲಿ ಕಲಿತವರಿಗೆ ಇದು ಯಾಕೆ ಹೊಳೆಯುವುದಿಲ್ಲ? ಅಲ್ಲಿ ಫ್ಲೈಟ್ ಲೆವೆಲ್ ಭಾಷೆ ಶುರುವಾಗುವುದೇ 18,000 ಅಡಿಯಿಂದ. ಅದಕ್ಕಿಂತ ಕೆಳಗೆ ಹಾರುವ ಗ್ಲೈಡರ್ ಪೈಲಟ್ 1013ರ ಮುಖವನ್ನೇ ನೋಡದೆ ಬದುಕಬಹುದು. ಒತ್ತಡವನ್ನೂ ಅಲ್ಲಿ ಪಾದರಸದ ಇಂಚಿನಲ್ಲಿ ಹೇಳುತ್ತಾರೆ, 29.92 ಅಂತ. ಜರ್ಮನಿಯ ಎಷ್ಟೋ ಕ್ಲಬ್ಬುಗಳ ಗ್ಲೈಡರುಗಳಲ್ಲಿ ಆಲ್ಟಿಮೀಟರ್ ಮೀಟರಿನಲ್ಲಿದೆ, ವೇಗ ಗಂಟೆಗೆ ಕಿಲೋಮೀಟರಿನಲ್ಲಿದೆ, ನಕ್ಷೆ ಮಾತ್ರ ಅಡಿಯಲ್ಲಿದೆ. ಮೊದಲ ದಿನ ಒಂದು ಚೀಟಿಯಲ್ಲಿ 3,048 ಮೀಟರ್ ಅಂದರೆ 10,000 ಅಡಿ ಎಂದು ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ನಾಚಿಕೆ ಪಡಬೇಡಿ.

ಮೋಡದ ವಿಷಯವೂ ಹಾಗೇ. ಗ್ಲೈಡರ್‌ನವರಿಗೆ ಮೋಡದ ಬುಡವೇ ಅಟ್ಟ. ಅಲ್ಲಿಗೆ ಹೋಗಿ ಮುಟ್ಟಬೇಕೆಂಬ ಆಸೆ ಎಲ್ಲರಿಗೂ. ಅಮೆರಿಕದ ಇ ವರ್ಗದಲ್ಲಿ, 10,000 ಅಡಿಗಿಂತ ಕೆಳಗೆ, ಮೋಡದ ಬುಡದಿಂದ 500 ಅಡಿ ಕೆಳಗಿದ್ದರೆ ಸಾಕು, ಪಕ್ಕಕ್ಕೆ 2,000 ಅಡಿ. ಯೂರೋಪಿನ ನಿಯಮದಲ್ಲಿ ಅದೇ ಇ ವರ್ಗಕ್ಕೆ ಕೆಳಗೆ 1,000 ಅಡಿ, ಪಕ್ಕಕ್ಕೆ 1,500 ಮೀಟರ್. ಅಮೆರಿಕದ ಅಭ್ಯಾಸದಲ್ಲಿ 700 ಅಡಿ ಬಿಟ್ಟು ಮರ್ಯಾದಸ್ಥನಂತೆ ಹಾರುವವನು ಯೂರೋಪಿನಲ್ಲಿ ತಪ್ಪಿತಸ್ಥ. ಸಂಖ್ಯೆಗಳ ಹಿಂದೆ ಕಾರಣವಿದೆ ಕಣ್ರಪ್ಪ. ಮೋಡದೊಳಗಿಂದ ಉಪಕರಣ ನೋಡಿಕೊಂಡು ಇಳಿದು ಬರುವ ಜೆಟ್ಟಿಗೆ ಹೊರಬಿದ್ದ ಮೇಲೆ ನಿಮ್ಮನ್ನು ನೋಡಿ ತಿರುಗಲು ಬೇಕಾದ ಜಾಗ ಅದು. ಬಿಳಿ ಮೋಡದೆದುರು ಬಿಳಿ ಗ್ಲೈಡರ್, ಎದುರಿನಿಂದ ನೋಡಿದರೆ ಒಂದು ಗೆರೆ ಅಷ್ಟೆ.

2006ರ ಆಗಸ್ಟ್ 28ರಂದು ಏನಾಯಿತೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಿಂದ ರೀನೋ ಕಡೆಗೆ ಇಳಿಯುತ್ತಿದ್ದ ಹಾಕರ್ 800 ಎಕ್ಸ್‌ಪಿ ಜೆಟ್ಟಿಗೂ ಒಂದು ಗ್ಲೈಡರಿಗೂ ಸುಮಾರು 16,000 ಅಡಿಯಲ್ಲಿ ಡಿಕ್ಕಿಯಾಯಿತು. ಗ್ಲೈಡರ್ ಷ್ಲೈಷರ್ ಕಂಪನಿಯ ಎಎಸ್‌ಜಿ 29, ಹಾರಿಸುತ್ತಿದ್ದವರು ಜಪಾನಿನಿಂದ ಬಂದಿದ್ದ ಪೈಲಟ್. ನಿಮ್ಮ ಹಾಗೇ ಪರದೇಶದ ಆಕಾಶದಲ್ಲಿ ಹಾರುತ್ತಿದ್ದವರು. ರೆಕ್ಕೆ ಮುರಿದ ಗ್ಲೈಡರಿನಿಂದ ಅವರು ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿದು ಬದುಕಿದರು. ಮೂತಿ ಜಜ್ಜಿಹೋದ ಜೆಟ್ಟನ್ನು ಅದರ ಪೈಲಟ್‌ಗಳು ಚಕ್ರ ಇಳಿಸಲಾಗದೆ ಹೊಟ್ಟೆಯ ಮೇಲೇ ಕಾರ್ಸನ್ ಸಿಟಿಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ವೈದ್ಯನಾಥೇಶ್ವರನ ಗುಡಿಯಲ್ಲಿ ಇದನ್ನು ಒಮ್ಮೆ ಹೇಳಿದಾಗ ಅರ್ಚಕರು ಅದಕ್ಕೂ ಒಂದು ಕಾರಣ ಕೊಟ್ಟರು, ನಾನು ವಾದಿಸಲಿಲ್ಲ.

ಆ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಗ್ಲೈಡರಿನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಅಂದರೆ ರಾಡಾರ್ ಕೇಳಿದರೆ ‘ನಾನಿಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ’ ಎಂದು ಉತ್ತರಿಸುವ ಯಂತ್ರ. ಬ್ಯಾಟರಿ ಉಳಿಸಲೆಂದು ಅದನ್ನು ಆರಿಸಿಟ್ಟಿದ್ದರು. ಅಮೆರಿಕದ ನಿಯಮದಲ್ಲಿ ಗ್ಲೈಡರುಗಳಿಗೆ ಟ್ರಾನ್ಸ್‌ಪಾಂಡರ್ ವಿಷಯದಲ್ಲಿ ವಿನಾಯಿತಿಯಿದೆ. ಯಂತ್ರ ಆರಿದ್ದರಿಂದ ಜೆಟ್ಟಿನೊಳಗಿದ್ದ ಡಿಕ್ಕಿ ಎಚ್ಚರಿಕೆ ವ್ಯವಸ್ಥೆಗೆ ಗ್ಲೈಡರ್ ಕಾಣಲೇ ಇಲ್ಲ. ತನಿಖೆ ಮಾಡಿದ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಆ ವಿನಾಯಿತಿಯನ್ನು ತೆಗೆಯುವಂತೆ ಶಿಫಾರಸು ಮಾಡಿತು. ವಿನಾಯಿತಿ ಇದ್ದರೂ ಸ್ವಿಚ್ ಹಾಕಿಕೊಳ್ಳಿ ಎಂದು ನಾನು ಹೇಳುತ್ತೇನೆ. ಬ್ಯಾಟರಿ ಸಾಲದಿದ್ದರೆ ಇನ್ನೊಂದು ಬ್ಯಾಟರಿ ಇಡಿ. ಯೂರೋಪಿನಲ್ಲಾದರೆ ಟ್ರಾನ್ಸ್‌ಪಾಂಡರ್ ಕಡ್ಡಾಯವಾದ ವಲಯಗಳನ್ನು ನಕ್ಷೆಯ ಮೇಲೆ ಬೇರೆಯಾಗಿಯೇ ಗುರುತಿಸಿರುತ್ತಾರೆ, ರೇಡಿಯೋ ಕಡ್ಡಾಯವಾದವನ್ನೂ ಹಾಗೇ. ಸ್ವಿಟ್ಜರ್ಲೆಂಡಿನಲ್ಲಿ 2004ರಲ್ಲಿ ಹುಟ್ಟಿದ ಫ್ಲಾರ್ಮ್ ಯಂತ್ರ ಅಲ್ಲಿನ ಬಹುಪಾಲು ಗ್ಲೈಡರುಗಳಲ್ಲಿದೆ. ಅದು ಗ್ಲೈಡರಿಗೆ ಗ್ಲೈಡರನ್ನು ತೋರಿಸುತ್ತದೆ. ದೊಡ್ಡ ಜೆಟ್ಟು ಅದನ್ನು ಕೇಳಿಸಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ.

ಕಂಟ್ರೋಲ್‌ನವರ ಹತ್ತಿರ ಮಾತಾಡಲು ನಮ್ಮ ಹುಡುಗರಿಗೆ ಸಂಕೋಚ. ಇಂಗ್ಲಿಷ್ ತಡವರಿಸಿದರೆ, ಉಚ್ಚಾರ ನೋಡಿ ನಕ್ಕರೆ ಅಂತ. ಅದರ ಬದಲು ಸುತ್ತಿ ಬಳಸಿ ಹೋಗೋಣ, ಇಲ್ಲವೇ ಅಂಚಿನಲ್ಲೇ ತೆವಳೋಣ ಎಂಬ ಉಪಾಯ. ನಾನು ಆ ಕಡೆ ಕೂತಿದ್ದವನಾಗಿ ಹೇಳುತ್ತೇನೆ: ಕರೆಯುವ ಪೈಲಟ್‌ನಿಂದ ನಮಗೆ ತೊಂದರೆಯಿಲ್ಲ, ಕರೆಯದೆ ಅಂಚಿನಲ್ಲಿ ಆಡುವ ಚುಕ್ಕೆಯಿಂದಲೇ ತಲೆನೋವು. ಅದು ಒಳಗೆ ಬಂದೀತೆಂದು ಎರಡು ಮೂರು ವಿಮಾನಗಳನ್ನು ತಿರುಗಿಸಬೇಕಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ನೀರು ಬಿಟ್ಟಾಗ ಸರದಿ ಹೇಗೆ ನಡೆಯುತ್ತದೆ ಎನ್ನುವುದು ನಿಮಗೆ ಗೊತ್ತಲ್ಲ. ನೀರುಗಂಟಿಗೆ ಹೇಳಿ ತೂಬು ಎತ್ತಿದವನ ಗದ್ದೆಯೂ ನೆನೆಯುತ್ತದೆ, ಕೆಳಗಿನವನಿಗೂ ನೀರು ಹೋಗುತ್ತದೆ. ಹೇಳದೆ ರಾತ್ರಿ ತೂಬು ಎತ್ತಿದವನಿಂದಲೇ ಬೆಳಿಗ್ಗೆ ಪಂಚಾಯ್ತಿ. ಕಂಟ್ರೋಲ್‌ನವನೂ ನೀರುಗಂಟಿಯೇ. ಎಷ್ಟೋ ಸಲ ನೀವು ಕೇಳಿದರೆ ಕೊಡುತ್ತಾನೆ. ‘ಈಗ ಆಗದು, ಹತ್ತು ನಿಮಿಷ ಬಿಟ್ಟು ಕೇಳು’ ಎಂದರೆ ಅದೂ ಉತ್ತರವೇ.

ಹಾಗೆ ಕೇಳಿ ಕೇಳಿಯೇ ಹಳಬರು ಗ್ಲೈಡರಿಗೆ ಎಂಥೆಂಥ ಜಾಗ ಸಂಪಾದಿಸಿಕೊಟ್ಟಿದ್ದಾರೆ ನೋಡಿ. ಜರ್ಮನಿಯ ದೊಡ್ಡ ವಿಮಾನ ನಿಲ್ದಾಣಗಳ ಸುತ್ತ, ಗಾಳಿ ಯಾವ ರನ್‌ವೇ ಕಡೆಗಿದೆ ಎಂಬುದನ್ನು ನೋಡಿಕೊಂಡು, ಆ ದಿನಕ್ಕೆ ಬೇಡವಾದ ನಿಯಂತ್ರಿತ ಭಾಗವನ್ನು ಗ್ಲೈಡರ್ ಸೆಕ್ಟರ್ ಎಂದು ಬಿಟ್ಟುಕೊಡುತ್ತಾರೆ. ನೆವಾಡದ ಮಿಂಡೆನ್‌ನಲ್ಲಿ ಸಿಯೆರಾ ಪರ್ವತ ದಾಟಿ ಬರುವ ಗಾಳಿ ಅಲೆಯಂತೆ ಏಳುತ್ತದೆ. ಅದರಲ್ಲಿ 18,000 ಅಡಿಯ ಮೇಲಕ್ಕೂ ಹೋಗಬೇಕೆಂಬುವರಿಗಾಗಿ ಕಂಟ್ರೋಲ್‌ನವರ ಜೊತೆ ಲಿಖಿತ ಒಪ್ಪಂದವಿದೆ. ಕೇಳಿದಾಗ ಎ ವರ್ಗದಲ್ಲೇ ಒಂದು ಕಿಟಕಿ ತೆರೆಯುತ್ತಾರೆ. ಇಂಥದೇ ಅಲೆಗಾಳಿಯಲ್ಲಿ, ಅರ್ಜೆಂಟೀನಾದ ಎಲ್ ಕಲಾಫಾತೆಯಿಂದ ಹೊರಟ ಪರ್ಲನ್ 2 ಎಂಬ ಗ್ಲೈಡರ್ 2018ರ ಸೆಪ್ಟೆಂಬರ್ 2ರಂದು 76,000 ಅಡಿ ದಾಟಿತು. ಪ್ರಯಾಣಿಕರ ಜೆಟ್ಟು ಹಾರುವುದರ ಸುಮಾರು ಎರಡರಷ್ಟು ಎತ್ತರ, ಅದೂ ಇಂಜಿನ್ ಇಲ್ಲದೆ. ಕ್ಲಬ್ಬಿಗೆ ಹೊಸದಾಗಿ ಸೇರಿದಾಗ ‘ಇಲ್ಲಿ ಕಂಟ್ರೋಲ್‌ನವರ ಜೊತೆ ಏನಾದರೂ ಒಪ್ಪಂದ ಇದೆಯೇ’ ಎಂದು ಮೊದಲು ಕೇಳಿ. ಅಂಥ ಒಪ್ಪಂದಗಳು ನಕ್ಷೆಯಲ್ಲಿರುವುದಿಲ್ಲ, ಕ್ಲಬ್ಬಿನ ಕಪಾಟಿನಲ್ಲಿರುತ್ತವೆ. ಒಬ್ಬ ಹೊಸಬ ಅದನ್ನು ಮುರಿದರೆ ಇಡೀ ಕ್ಲಬ್ಬಿಗೆ ಕಿಟಕಿ ಮುಚ್ಚಬಹುದು.

ದಾರಿ ಬಿಡುವ ನಿಯಮಗಳು ಬಹುಮಟ್ಟಿಗೆ ಎಲ್ಲ ಕಡೆ ಒಂದೇ. ಇಂಜಿನ್ ಇರುವವನು ಗ್ಲೈಡರಿಗೆ ದಾರಿ ಬಿಡಬೇಕು, ಗ್ಲೈಡರ್ ಬಲೂನಿಗೆ. ಎದುರುಬದುರಾದರೆ ಇಬ್ಬರೂ ಬಲಕ್ಕೆ. ನಮ್ಮ ರಸ್ತೆಯ ಎಡಗೈ ಅಭ್ಯಾಸ ಮೇಲೆ ಬೇಡ. ಹಿಂದಿನಿಂದ ಮೀರಿಸುವಾಗ ಅಮೆರಿಕದಲ್ಲಿ ಬಲಗಡೆಯಿಂದ, ಯೂರೋಪಿನಲ್ಲಿ ಗ್ಲೈಡರನ್ನು ಮೀರಿಸುವ ಗ್ಲೈಡರ್ ಯಾವ ಕಡೆಯಿಂದಾದರೂ. ಬಿಸಿಗಾಳಿಯ ಕಂಬಕ್ಕೆ, ಅಂದರೆ ಥರ್ಮಲ್‌ಗೆ, ಮೊದಲು ಬಂದವನು ಯಾವ ಕಡೆಗೆ ಸುತ್ತುತ್ತಾನೋ ನಂತರ ಬಂದವನೂ ಆ ಕಡೆಗೇ. ಇಷ್ಟು ಸಾಕು, ಉಳಿದದ್ದು ನಿಮಗೆ ಗೊತ್ತು.

ಬೆಳಿಗ್ಗೆ ಹಾರುವ ಮೊದಲು ನೋಟಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆ, ಓದುವುದನ್ನು ಮಾತ್ರ ಬಿಡಬೇಡಿ. ಅಮೆರಿಕದ ಅಧ್ಯಕ್ಷರು ಯಾವುದೋ ಊರಿಗೆ ಬಂದರೆಂದರೆ ಸಾಮಾನ್ಯವಾಗಿ ಸುತ್ತ 30 ನಾಟಿಕಲ್ ಮೈಲಿ, 18,000 ಅಡಿವರೆಗೆ, ತಾತ್ಕಾಲಿಕ ನಿರ್ಬಂಧ ಬೀಳುತ್ತದೆ. ಇಲ್ಲಿಂದ ಅಳೆದರೆ ಶ್ರೀರಂಗಪಟ್ಟಣ ದಾಟುತ್ತದೆ ಆ ವೃತ್ತ. ಅದರ ಹೊರ ಉಂಗುರದಲ್ಲಿ ಬೇರೆ ವಿಮಾನಗಳಿಗೆ ಷರತ್ತಿನ ಮೇಲೆ ಬಿಟ್ಟರೂ ಗ್ಲೈಡರ್ ಹಾರಾಟವನ್ನು ಹೆಸರು ಹಿಡಿದು ನಿಷೇಧಿಸಿರುತ್ತಾರೆ. ಹೋದ ಶನಿವಾರ ಇದೇ ಬಯಲಿನಿಂದ ಹಾರಿದ್ದೆನಲ್ಲ ಎನ್ನುವುದು ಈ ಶನಿವಾರ ಉತ್ತರವಾಗುವುದಿಲ್ಲ. ಕಾಡ್ಗಿಚ್ಚು ಎದ್ದ ಕಡೆಯೂ ಹೀಗೇ. ನಮ್ಮಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟರೆ ಮೇಲೆ ಹದ್ದುಗಳು ಸುತ್ತುವುದನ್ನು ನೋಡಿ ಬೆಳೆದವರು ನೀವು, ಹೊಗೆ ಕಂಡರೆ ಏರುಗಾಳಿ ಎಂದು ಮನಸ್ಸು ಓಡುತ್ತದೆ. ಆ ಹೊಗೆಯ ಸುತ್ತ ಬೆಂಕಿ ಆರಿಸುವ ವಿಮಾನಗಳು ಹಾರುತ್ತಿರುತ್ತವೆ. ಅಲ್ಲಿ ನಿಮಗೆ ಜಾಗವಿಲ್ಲ.

ಇನ್ನು ಲೈಸೆನ್ಸು. ಇಲ್ಲಿ ನಮ್ಮವರು ಕಾರಿನ ಲೈಸೆನ್ಸಿನ ಲೆಕ್ಕ ಹಾಕುತ್ತಾರೆ, ಅದು ತಪ್ಪು. ಶಿಕಾಗೋ ಒಡಂಬಡಿಕೆಯ 32ನೇ ವಿಧಿಯ ಪ್ರಕಾರ ನಿಮ್ಮ ಲೈಸೆನ್ಸನ್ನು ಕೊಟ್ಟಿರಬೇಕಾದ್ದು, ಇಲ್ಲವೇ ಮಾನ್ಯ ಮಾಡಿರಬೇಕಾದ್ದು, ವಿಮಾನ ನೋಂದಣಿಯಾದ ದೇಶ. ಹಾಗಾಗಿ ಗ್ಲೈಡರಿನ ಮೈಮೇಲಿನ ಅಕ್ಷರ ನೋಡಿ. ಎನ್ ಅಂದರೆ ಅಮೆರಿಕ, ಡಿ ಅಂದರೆ ಜರ್ಮನಿ, ವಿಎಚ್ ಆಸ್ಟ್ರೇಲಿಯಾ, ವಿಟಿ ನಮ್ಮದು. ಅಮೆರಿಕದ ಸರ್ಟಿಫಿಕೇಟ್ ಜೇಬಿನಲ್ಲಿಟ್ಟುಕೊಂಡು ಡಿ ಅಕ್ಷರದ ಗ್ಲೈಡರನ್ನು ಒಬ್ಬರೇ ಹಾರಿಸಲು ಕೂರುವ ಮೊದಲು ಅಲ್ಲಿನ ಇಲಾಖೆಯಿಂದ ಮಾನ್ಯತೆ ಪಡೆಯಬೇಕು. ಅಮೆರಿಕದಲ್ಲಿ ಗ್ಲೈಡರಿಗೆ ವೈದ್ಯಕೀಯ ಪ್ರಮಾಣಪತ್ರವೇ ಬೇಡ. ಯೂರೋಪಿನ ಲೈಸೆನ್ಸಿಗೆ ಬೇಕು. ಐರೋಪ್ಯ ಒಕ್ಕೂಟದ ಒಂದು ದೇಶ ಕೊಟ್ಟ ಗ್ಲೈಡರ್ ಲೈಸೆನ್ಸು ಒಕ್ಕೂಟದ ಉಳಿದ ದೇಶಗಳಲ್ಲೂ ನಡೆಯುತ್ತದೆ, ಆದರೆ 2021ರಿಂದ ಬ್ರಿಟನ್ ಆ ವ್ಯವಸ್ಥೆಯ ಹೊರಗಿದೆ. ಲಂಡನ್ ಕಡೆ ಕಲಿತು ಫ್ರಾನ್ಸಿಗೆ ರಜೆಗೆ ಹೋಗುವವರು ಇದನ್ನು ಎರಡು ಸಲ ಓದಿ.

ಲೈಸೆನ್ಸಿಗಿಂತ ದೊಡ್ಡ ಕಾಗದ ನಮ್ಮವರಿಗೆ ಇನ್ನೊಂದಿದೆ, ವೀಸಾ. ನಿಮ್ಮ ಕ್ಲಬ್ಬಿನ ಜರ್ಮನ್ ಗೆಳೆಯನಿಗೆ ಇದು ತಲೆಗೇ ಹೊಳೆಯುವುದಿಲ್ಲ, ಯಾಕೆಂದರೆ ಅವನ ಪಾಸ್‌ಪೋರ್ಟು ಬೇರೆ. ಗ್ಲೈಡರ್ ಎಲ್ಲಿ ಇಳಿಯುತ್ತದೆ ಎನ್ನುವುದು ಸಂಜೆವರೆಗೂ ಗ್ಯಾರಂಟಿಯಿಲ್ಲ. ಏರುಗಾಳಿ ಸಾಯುತ್ತದೆ, ಕಣ್ಣಿಗೆ ಬಿದ್ದ ಹೊಲದಲ್ಲಿ ಇಳಿಯುತ್ತೀರಿ, ಹೊಲ ಪಕ್ಕದ ದೇಶದ್ದಾಗಿರುತ್ತದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ದೇಶಗಳ ಒಳಗೆ ಇದು ದೊಡ್ಡ ಮಾತಲ್ಲ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ, ಕ್ರೊಯೇಷಿಯಾ 2023ರ ಜನವರಿ 1ರಂದು ಸೇರಿತು. ಅದರಾಚೆಯ ಗಡಿಗೆ ಹತ್ತಿರ ಹಾರುವವರು, ಅಮೆರಿಕದಲ್ಲಿ ಮೆಕ್ಸಿಕೋ, ಕೆನಡಾ ಗಡಿಯಲ್ಲಿ ಹಾರುವವರು ಎಚ್ಚರ. ಅಲ್ಲಿನ ನಾಗರಿಕನಾದರೆ ಕ್ಷಮೆ ಕೇಳಿ ಮನೆಗೆ ಹೋಗುತ್ತಾನೆ. ಅಮೆರಿಕದ ಎಚ್-1ಬಿ ಕೆಲಸದ ವೀಸಾದ ಮೇಲಿರುವ ಮಳವಳ್ಳಿಯ ಹುಡುಗ ವಾಪಸ್ಸು ಒಳಗೆ ಬರಲು ಏನೇನು ಕಾಗದ ತೋರಿಸಬೇಕೆಂದು ಯೋಚಿಸಿ. ಪಾಸ್‌ಪೋರ್ಟಿನ ಪ್ರತಿ ಗ್ಲೈಡರಿನ ಚೀಲದಲ್ಲಿರಲಿ, ಗಡಿಯಿಂದ ಒಂದು ಸಲ ಜಾರುವಷ್ಟು ದೂರ ಈ ಕಡೆಯೇ ಇರಿ.

ಈಗ ನಮ್ಮ ಊರಿನ ಮಾತು. ರಜೆಗೆ ಬಂದಾಗ ‘ಇಲ್ಲೂ ಹಾರಿಸಬಹುದಾ ಮಾವ’ ಎಂದು ಕೇಳುವವರಿದ್ದಾರೆ. ಗ್ಲೈಡರ್ ನಮಗೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಮೈಸೂರು ಸರ್ಕಾರದ ಹಣವೂ ಸೇರಿ ಹುಟ್ಟಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರು ಸೈನಿಕರನ್ನು ಸಾಗಿಸುವ ಗ್ಲೈಡರೊಂದನ್ನು ವಿನ್ಯಾಸ ಮಾಡಿದ್ದರು. ಆಮೇಲೆ 1950ರ ದಶಕದ ಕೊನೆಯಿಂದ ಭಾರತದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ ಸಾಲಾಗಿ ಗ್ಲೈಡರುಗಳನ್ನು ರೂಪಿಸಿತು. ಅವುಗಳ ಹೆಸರು ಕೇಳಿ: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ. ನಿಮ್ಮ ತಾತ ಪಂಚಾಂಗ ಹಿಡಿದು ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು ಎಂದು ಎಣಿಸುತ್ತಿದ್ದ ಅದೇ ಸಾಲು, ಅದೇ ಕ್ರಮದಲ್ಲಿ. ದೆಹಲಿಯ ಕಚೇರಿಯಲ್ಲಿ ಯಾರು ಹೀಗೆ ಹೆಸರಿಟ್ಟರೋ ಅವರಿಗೆ ನನ್ನದೊಂದು ನಮಸ್ಕಾರ. ಪುಷ್ಯ, ಆಶ್ಲೇಷದವರೆಗೂ ಹೋಗಿದ್ದರೆ ಚೆನ್ನಾಗಿತ್ತು.

ಪುಣೆಯ ಹಡಪ್ಸರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಗ್ಲೈಡಿಂಗ್ ಕೇಂದ್ರವಿದೆ. ಹಾರುವ ಆಸೆಯಿದ್ದರೆ ಮೊದಲು ಅಲ್ಲಿ ವಿಚಾರಿಸಿ. ಆದರೆ ಹೊರದೇಶದ ಲೈಸೆನ್ಸು ತೋರಿಸಿದ ಕೂಡಲೇ ವಿಟಿ ಅಕ್ಷರದ ಗ್ಲೈಡರನ್ನು ಕೈಗೆ ಕೊಡುತ್ತಾರೆಂದುಕೊಳ್ಳಬೇಡಿ. ಮೇಲೆ ಹೇಳಿದ 32ನೇ ವಿಧಿಯಲ್ಲೇ ಇನ್ನೊಂದು ಮಾತಿದೆ: ತನ್ನ ಪ್ರಜೆಗೆ ಬೇರೆ ದೇಶ ಕೊಟ್ಟ ಲೈಸೆನ್ಸನ್ನು ತನ್ನ ನೆಲದ ಮೇಲಿನ ಹಾರಾಟಕ್ಕೆ ಒಪ್ಪದಿರುವ ಹಕ್ಕು ಪ್ರತಿ ದೇಶಕ್ಕೂ ಇದೆ. 2025ರ ಜನವರಿ 1ರಿಂದ ಇಲ್ಲಿ 1934ರ ಏರ್‌ಕ್ರಾಫ್ಟ್ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ನೀವು ಹಳೆಯ ಪುಸ್ತಕ ಓದಿಕೊಂಡು ಬಂದು ವಾದಿಸಬೇಡಿ.

ಗ್ಲೈಡರ್ ಇಲ್ಲದಿದ್ದರೆ ಡ್ರೋನಾದರೂ ತರೋಣ, ಶಿಂಷಾ ಹೊಳೆಯ ಮೇಲಿಂದ ಗುಡಿಯ ವಿಡಿಯೋ ತೆಗೆಯೋಣ ಎನ್ನುವವರೂ ಇದ್ದಾರೆ. ಇಲ್ಲೂ ಅದೇ ಕಥೆ, ಅಲ್ಲಿನ ಅಂಗಡಿಯಲ್ಲಿ ಸಲೀಸಾಗಿ ಸಿಕ್ಕಿದ್ದು ಇಲ್ಲಿನ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನುಗಳ ಆಮದಿಗೆ ನಿಷೇಧವಿದೆ, ಸಂಶೋಧನೆ, ರಕ್ಷಣೆ, ಭದ್ರತೆಯ ಕೆಲಸಕ್ಕೆ ಅನುಮತಿ ಪಡೆದವರನ್ನು ಬಿಟ್ಟು. ಇಲ್ಲೇ ಕೊಂಡ ಡ್ರೋನಾದರೂ 2021ರ ಡ್ರೋನ್ ನಿಯಮಗಳ ಪ್ರಕಾರ ನೋಂದಣಿ ಬೇಕು. ಡ್ರೋನ್ ನಕ್ಷೆಯ ಹಸಿರು ವಲಯದಲ್ಲಿ 400 ಅಡಿ ಮೀರಬಾರದು, ನಕ್ಷೆಯಲ್ಲಿ ಹಳದಿ ಕೆಂಪು ಇದ್ದ ಕಡೆ ಅನುಮತಿ ಬೇಕು. ಮದುವೆ ವಿಡಿಯೋದವರು ಹಾರಿಸುತ್ತಾರಲ್ಲ ಎನ್ನಬೇಡಿ, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.

ಅದರ ಬದಲು ಬರುವಾಗ ಒಂದು ಸಾಮಾನು ತಂದುಕೊಡಿ. ನೀವು ಹಾರುವ ಕಡೆಯ ಗ್ಲೈಡಿಂಗ್ ನಕ್ಷೆ ಆಗಾಗ ಹೊಸದಾಗಿ ಅಚ್ಚಾಗುತ್ತದೆ, ಹಳೆಯದನ್ನು ಹಾರಾಟಕ್ಕೆ ಬಳಸುವಂತಿಲ್ಲ, ಕ್ಲಬ್ಬಿನಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಅಂಥದ್ದು ಎರಡು ಮೂರು ಇದ್ದರೆ ಮಡಚಿ ತನ್ನಿ. ಇಲ್ಲಿನ ಸ್ಕೂಲಿನ ಗೋಡೆಗೆ ಹಾಕಿಸುತ್ತೇನೆ. ಏಳನೇ ತರಗತಿಯ ಮಕ್ಕಳಿಗೆ ನದಿ, ಬೆಟ್ಟ, ರಸ್ತೆಯ ನಕ್ಷೆ ಗೊತ್ತಿದೆ, ಆಕಾಶದ ನಕ್ಷೆ ಇರುತ್ತದೆಂದು ಗೊತ್ತಿಲ್ಲ. ಯಾವ ಬಣ್ಣದ ಗೆರೆ ಯಾವುದಕ್ಕೆ ಎಂದು ಹಿಂದೆ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ. ಜರ್ಮನ್ ನನಗೆ ಓದಲು ಬರುವುದಿಲ್ಲ.

ಇಂತಿ ನಿಮ್ಮೂರಿನ
ನಿವೃತ್ತ ವಿಮಾನ ಸಂಚಾರ ನಿಯಂತ್ರಕ